ಸುವರ್ಣಜ್ಜಿಯ ಚಿಟ್ಟೆ ಕ್ಲಿಪ್ಪುಗಳು

ಗದಗ, ಮಾಘದ ಮೂವತ್ತೆಂಟನೆಯ ದಿನ, 2231

ಸುವರ್ಣಜ್ಜಿಗೆ, ನಿನ್ನ ವಂಶದ ಒಂಬತ್ತನೆಯ ತಲೆಮಾರಿನ ಹಂಪವ್ವ ಮಾಡುವ ನಮಸ್ಕಾರ. ಮೇಲಿನ ತಾರೀಖು ತಪ್ಪಲ್ಲ, ನಮ್ಮ ತಿಂಗಳಿಗೆ ನಲವತ್ತು ದಿನ. ಇಲ್ಲಿಯ ಇನ್ನೂ ಕೆಲವು ಮಾತು ವಿಚಿತ್ರವೆನಿಸಿದರೆ ಕ್ಷಮಿಸು.

ಬಣ್ಣದ ನೀರು ಬಾವಿಗಳನ್ನೆಲ್ಲ ಕೆಡಿಸಿದ ಮೇಲೆ ಇಲ್ಲಿ ಯಾರೂ ಬಟ್ಟೆಗೆ ಬಣ್ಣ ಹಾಕುವುದಿಲ್ಲ. ಎಲ್ಲರೂ ತೊಡುವುದು ಬರಿಬಟ್ಟೆ, ಅಂದರೆ ಹತ್ತಿ ಹೇಗೆ ಹುಟ್ಟಿತೋ ಅದೇ ಬಣ್ಣದ ಅರಿವೆ. ಹಳೆಯ ಪ್ಲಾಸ್ಟಿಕ್ ಎಲ್ಲಿ ಸಿಕ್ಕರೂ ಕರಗುಮನೆಗೆ ಒಪ್ಪಿಸಬೇಕು. ಅಲ್ಲಿ ಅದನ್ನು ಕರಗಿಸಿ ನೀರಿನ ಕೊಳವೆ ಮಾಡುತ್ತಾರೆ. ಇದರಲ್ಲಿ ನನಗೆ ಯಾವ ತಕರಾರೂ ಇರಲಿಲ್ಲ, ನಿನ್ನ ಡಬ್ಬಿ ಸಿಗುವವರೆಗೆ.

ಹೋದ ತಿಂಗಳು ಅಡುಗೆಮನೆಯ ಹಳೆಯ ಗೋಡೆ ಕೆಡವುವಾಗ ನನ್ನ ತಂಗಿ ಶಾಂಭವಿಗೆ ಬಿಸ್ಕೀಟಿನ ಡಬ್ಬಿಯೊಂದು ಸಿಕ್ಕಿತು. ಒಳಗೆ ಗುಲಾಬಿ, ಹಳದಿ, ಗಿಳಿಹಸಿರು ಚಿಟ್ಟೆ ಕ್ಲಿಪ್ಪುಗಳು, ಮಿಂಚುವ ರಬ್ಬರ್ ಬ್ಯಾಂಡುಗಳು, ಕೈತುಂಬುವಷ್ಟು ಪ್ಲಾಸ್ಟಿಕ್ ಬಳೆ. ಜತೆಗೆ ನಿನ್ನ ಫೋಟೊ. ಹಿಂಬದಿಯಲ್ಲಿ ‘ಸುವರ್ಣಾ, ಎಸ್ಸೆಸ್ಸೆಲ್ಸಿ, 1996’ ಎಂದಿತ್ತು. ಎರಡು ಜಡೆ, ಜಡೆಗೊಂದು ಬಣ್ಣ, ತಲೆಯ ತುಂಬ ಚಿಟ್ಟೆ. ಅಷ್ಟೆಲ್ಲ ತೊಟ್ಟೂ ಅದೇನು ಮಹಾ ಎನ್ನುವಂತೆ ಎತ್ತಲೋ ನೋಡಿ ನಗುತ್ತಿದ್ದೀಯೆ. ಆ ನಗು ಕಂಡೇ ನನಗೆ ಹೊಟ್ಟೆಕಿಚ್ಚು ಹತ್ತಿದ್ದು.

ಶಾಂಭವಿ ಒಂದು ಗುಲಾಬಿ ಕ್ಲಿಪ್ಪು ಸಿಕ್ಕಿಸಿಕೊಂಡು ಓಣಿಯ ಮದುವೆಗೆ ಬಂದಳು. ಜನ ಮದುಮಗಳನ್ನು ಬಿಟ್ಟು ಅವಳನ್ನೇ ನೋಡಿದರು. ಇಬ್ಬರಲ್ಲಿ ನಾನೇ ಚೆಲುವೆ ಎಂದು ಚಿಕ್ಕಂದಿನಿಂದ ಕೇಳಿ ಬೆಳೆದವಳು ನಾನು. ಅವತ್ತು ನನ್ನತ್ತ ಯಾರೂ ತಿರುಗಲಿಲ್ಲ. ಮರುದಿನ ಬೆಳಿಗ್ಗೆ ನಾನೇ ಕರಗುಮನೆಗೆ ಹೋಗಿ ತಿಳಿಸಿದೆ.

ಇಬ್ಬರು ಬಂದು ಡಬ್ಬಿ ಒಯ್ದರು. ಅವಳ ಕೂದಲಲ್ಲಿದ್ದುದನ್ನೂ ಬಿಡಿಸಿಕೊಂಡರು. ಹೇಳಿದವಳು ನಾನೆಂಬುದು ಅವರ ಬಾಯಿಂದಲೇ ಬಂತು.

“ನಿನಗ ಬೇಕಾಗಿತ್ತೇನಕ್ಕಾ?” ಎಂದಳು ಶಾಂಭವಿ. “ಒಂದ್ ಮಾತ್ ಕೇಳಬೇಕಿತ್ತಲ.”

ನಾನು ಒಳಗೆ ಹೋಗಲು ತಿರುಗಿದೆ.

“ಹಳದೀದು ನಿನಗಂತ ತಗದಿಟ್ಟಿದ್ದೆ. ನಿನ್ನ ಹುಟ್ಟಿದ ದಿನ ಕೊಡಬೇಕಂತ ಸುಮ್ಮನಿದ್ದೆ.”

ದಿನಾ ನನ್ನ ಜಡೆ ಹೆಣೆಯುತ್ತಿದ್ದವಳು ಈಗ ಬಾಚಣಿಗೆಯನ್ನು ನನ್ನ ಮುಂದಿಟ್ಟು ಹೊರಟುಹೋಗುತ್ತಾಳೆ. ಕ್ಷಮೆ ಕೇಳಬೇಕೆಂದು ಮೂರು ಸಲ ಅವಳ ಕೋಣೆಯವರೆಗೆ ಹೋದೆ. ಮೂರು ಸಲವೂ ಕದ ತಟ್ಟದೆ ಹಿಂದಿರುಗಿದೆ.

ಅಜ್ಜಿ, ನಿನ್ನ ಮೇಲಿನ ಹೊಟ್ಟೆಕಿಚ್ಚು ಇನ್ನೂ ಇಳಿದಿಲ್ಲ, ಸುಳ್ಳು ಹೇಳಲಾರೆ. ಆದರೂ ಒಂದು ಬೇಡಿಕೆ. ಮಕ್ಕಳಿಗೆ ನೀನು ಏನನ್ನು ಎತ್ತಿಡುತ್ತೀಯೋ ಬಿಡುತ್ತೀಯೋ, ಬೇಕಾದದ್ದನ್ನು ಬಾಯಿಬಿಟ್ಟು ಕೇಳುವುದನ್ನು ಮಾತ್ರ ಕಲಿಸು. ಅದು ನನ್ನವರೆಗೆ ಬಂದು ಮುಟ್ಟಿಲ್ಲ.