ಗಣಿ ದಾರಿಯ ವಾಕ್‌ಮನ್

ವಾಡಿ
18-8-1986, ಶ್ರಾವಣ ಸೋಮವಾರ

ನನ್ನ ಮಗಳು ವಿಮಲಾಗೆ, ಮಳಖೇಡದ ನಿನ್ನ ಮನೆಯಲ್ಲಿ ಎಲ್ಲರನ್ನೂ ಬಸವಣ್ಣ ಚೆನ್ನಾಗಿಡಲೆಂದು ಬೇಡಿಕೊಂಡು ನಿನ್ನ ಅವ್ವ ಬರೆಯುವುದು.

ಇವತ್ತು ಉಪವಾಸ. ಬೆಳಗ್ಗೆ ಎದ್ದು ಅಂಗಳ ಸಾರಿಸಿ, ಎಮ್ಮೆ ಹಿಂಡಿ, ನಳದ ನೀರು ತುಂಬಿ, ಮೈ ತೊಳೆದುಕೊಂಡು ಪೂಜೆಗೆ ಕುಂತೆ. ಮನಸ್ಸು ನಿಲ್ಲಲಿಲ್ಲ. ಅಂಗೈಯಲ್ಲಿ ಲಿಂಗ, ಕಿವಿ ಮಾತ್ರ ಗಣಿಯ ಕಡೆ. ಇಂಥ ಪೂಜೆ ಮಾಡಿದರೂ ಒಂದೇ ಬಿಟ್ಟರೂ ಒಂದೇ ಅನ್ನಿಸಿ, ತಪ್ಪಾಯಿತೆಂದು ಹಣೆ ಹಚ್ಚಿ ಎದ್ದುಬಿಟ್ಟೆ. ನಿಮ್ಮಪ್ಪ ವಾಕಿಂಗಿಗೆ ಹೋಗಿದ್ದಾರೆ. ಅವರು ಬರುವ ತನಕ ಸುಮ್ಮನೆ ಬಾಗಿಲು ನೋಡುತ್ತ ಕೂರುವುದು ಆಗುವುದಿಲ್ಲ, ಅದಕ್ಕೇ ಈ ಕಾಗದ.

ನೀನು ಯುಗಾದಿಗೆ ಬಂದಾಗ ತಂದುಕೊಟ್ಟ ಆ ವಾಕ್‌ಮನ್ನಿನ ಸುದ್ದಿಯೇ ಬರೆಯಬೇಕಾಗಿದೆ. ಸಕ್ಕರೆ ಕಾಯಿಲೆಗೆ ದಿನಾ ನಡೆಯಲೇಬೇಕು ಎಂದು ಡಾಕ್ಟರು ಹೇಳಿದರೂ ಇವರು ಜಗಲಿ ಬಿಟ್ಟು ಇಳಿದಿರಲಿಲ್ಲ. ಅಂಥವರು ಹಾಡು ಕೇಳುವ ಆಸೆಗೆ ನಡೆದಾರು ಎಂದು ನೀನು ಹೂಡಿದ ಉಪಾಯ ಫಲಿಸಿತು. ದಿನಾ ನಡೆಯುತ್ತಾರೆ. ಕಾಲಿನ ಹೆಬ್ಬೆರಳಿನ ಹುಣ್ಣು ಒಣಗಿದೆ. ಆದರೆ ನಡೆದು ಬಂದ ಮೇಲೂ ಅದನ್ನು ತೆಗೆಯುವುದಿಲ್ಲ. ಎಮ್ಮೆಗೆ ಮೇವು ಹಾಕುವಾಗ ಕಿವಿಯ ಮೇಲೆ ಇರುತ್ತದೆ, ತೊಗರಿ ಹಸನು ಮಾಡುವಾಗ ಇರುತ್ತದೆ. ಚಹಾದ ಅಂಗಡಿಯ ಸೂಗಪ್ಪ ನನ್ನನ್ನು ತಡೆದು, “ಕಾಕು, ಎತ್ತಿಗಿ ಮೂಗುದಾಣ ಹಾಕ್ತಾರ. ನೀವು ಕಾಕಾಗ ಕಿವಿದಾಣ ಹಾಕೀರಲ್ಲ” ಅಂದ. ನಾನೂ ನಕ್ಕೆ. ನಗುವ ಹೊತ್ತು ಅದಲ್ಲ ಎಂಬುದು ಆಗ ತಿಳಿಯಲಿಲ್ಲ.

ವಿಮಲಾ, ನಿನಗೆ ಹೇಳದೆ ಇಟ್ಟ ಮಾತೊಂದಿದೆ. ನಿಮ್ಮಪ್ಪನಿಗೆ ಕಿವಿ ಕೇಳುವುದಿಲ್ಲ. ಮಂದವಲ್ಲ, ಪೂರ್ತಿ ಹೋದ ಹಾಗೆಯೇ. ಕಿವಿಯ ಹತ್ತಿರ ಬಾಯಿಟ್ಟು ಕೂಗಿದರೆ ಒಂದು ಮಾತು ಹೋದೀತು, ಎರಡನೆಯದು ಹೋಗದು. ಸುಣ್ಣದ ಕಲ್ಲಿನ ಗಣಿಯಲ್ಲಿ ಮದ್ದು ತುಂಬಿ, ಬತ್ತಿ ಹಚ್ಚಿ, ಎಲ್ಲರನ್ನೂ ಕೂಗಿ ಸರಿಸುವ ಕೆಲಸದಲ್ಲಿ ಅವರ ಆಯುಷ್ಯ ಕಳೆಯಿತಲ್ಲ, ಆ ಸಪ್ಪಳವೇ ಕಿವಿ ತಿಂದಿತು. ಮೊಣಕಾಲು ನೋವಿಗೆ ಕೆಲಸ ಬಿಟ್ಟರೆಂದು ನಿನಗೆ ಹೇಳಿದ್ದೆವು. ಮೊಣಕಾಲಿಗೆ ಏನೂ ಆಗಿರಲಿಲ್ಲ. ಕೂಗಿ ಎಚ್ಚರಿಸುವವನಿಗೇ ಕಿವಿ ಇಲ್ಲವೆಂದು ಜನ ಆಡಿಕೊಂಡಾರು ಎಂದು ಅವರಿಗೆ ನಾಚಿಕೆ. ಮಗಳಿಗಂತೂ ಗೊತ್ತಾಗಬಾರದು ಎಂದು ನನ್ನಿಂದ ಭಾಷೆ ತೆಗೆದುಕೊಂಡಿದ್ದಾರೆ. ನೀವು ಬಂದಾಗೆಲ್ಲ ನಾನು ಅವರ ಮಗ್ಗುಲು ಬಿಟ್ಟು ಏಳುತ್ತಿರಲಿಲ್ಲ, ನೆನಪಿದೆಯೇ? ಕೈಸನ್ನೆ ಮಾಡಲು ಹಾಗೆ ಕೂರುತ್ತಿದ್ದೆ. ಒಮ್ಮೆ ನಾನು ಒಳಗೆ ಹೋದಾಗ ಅಳಿಯಂದಿರು ಎಮ್ಮೆ ಎಷ್ಟು ಹಾಲು ಕೊಡುತ್ತದೆ ಎಂದು ಕೇಳಿದರು. ಇವರು, “ಹೂಂ, ಮಂದಿ ಭಾಳ ಛಲೋ ಇದ್ದಾರ” ಅಂದರು. ಅಳಿಯಂದಿರು ದೊಡ್ಡ ಮನಸ್ಸಿನವರು, ತಲೆಯಾಡಿಸಿದರು.

ನೀನು ವಾಕ್‌ಮನ್ ಕಿವಿಗೆ ಹಾಕಿದ ದಿನ ಅವರು ಅತ್ತರಲ್ಲ, ಭಜನೆ ಕೇಳಿ ಭಕ್ತಿ ಉಕ್ಕಿತು ಎಂದುಕೊಂಡೆ ನೀನು. ಸಪ್ಪಳದ ಗಾಲಿ ನಿನ್ನ ಹೆಬ್ಬೆಟ್ಟು ತಾಗಿ ಪೂರ್ತಿ ತಿರುಗಿತ್ತು. ನೀನು ಗಾಬರಿಯಾಗಿ ಕಡಿಮೆ ಮಾಡಲು ಹೋದರೆ ಅವರು ನಿನ್ನ ಮುಂಗೈ ಹಿಡಿದುಕೊಂಡರು. ಎಷ್ಟೋ ವರ್ಷದ ಮೇಲೆ ಹಾಡು ಒಳಗೆ ಹೋಗಿತ್ತು, ಮಗಳೇ. ಅದನ್ನು ಹೇಗೆ ಕಸಿದುಕೊಳ್ಳಲಿ?

ಆದರೂ ಶನಿವಾರ ಕಸಿದುಕೊಂಡು ಬಾವಿಗೆ ಒಗೆಯಬೇಕು ಅನ್ನಿಸಿತು. ಆ ದಿನ ನಡೆದದ್ದು ಇದು.

ಅವರು ನಡೆಯುವುದು ಗಣಿಯ ದಂಡೆಯ ದಾರಿ. ಹುಟ್ಟಿದಾಗಿನಿಂದ ತುಳಿದ ದಾರಿ, ಬೇರೆ ಕಡೆ ಕಾಲು ಏಳುವುದಿಲ್ಲ. ಅವರ ಕಾಲದಲ್ಲಿ ಮಧ್ಯಾಹ್ನ ಆಳುಗಳು ಬುತ್ತಿ ಬಿಚ್ಚಿದ ಮೇಲೆಯೇ ಮದ್ದು ಹಾರಿಸುತ್ತಿದ್ದರು. ಈಗಿನ ಗುತ್ತೇದಾರ ಈ ಶ್ರಾವಣದಿಂದ ಬೆಳಗ್ಗೆ ಆಳುಗಳು ಬರುವ ಮೊದಲೇ ಹಾರಿಸುತ್ತಾನೆ. ಇದನ್ನು ಎಷ್ಟು ಕೂಗಿ ಹೇಳಿದರೂ ಇವರ ತಲೆಗೆ ಹೋಗಿಲ್ಲ. ಬರೆದು ತೋರಿಸೋಣವೆಂದರೆ ಅವರಿಗೆ ಅಕ್ಷರ ಬಾರದು. ಕೆಲಸದ ಕಡೆಯ ದಿನಗಳಲ್ಲಾದರೆ ಕಿವಿ ಇಲ್ಲದ್ದಕ್ಕೆ ಕಣ್ಣು ನಾಲ್ಕೂ ಕಡೆ ಇಟ್ಟು ನಡೆಯುತ್ತಿದ್ದರು. ಕೆಂಪು ಬಟ್ಟೆ ಕಂಡರೆ, ಜನ ಓಡಿದರೆ, ನಿಲ್ಲುತ್ತಿದ್ದರು. ಈಗ ಹಾಡಿನಲ್ಲಿ ಮುಳುಗಿ ನೆಲ ನೋಡುತ್ತ ಹೋಗುತ್ತಾರೆ.

ಮದ್ದು ಹಾರಿಸುವವನು ಈಗ ಹಾಜಿಮಲಂಗ್ ಎಂಬ ಹುಡುಗ. ಶಹಾಬಾದಿನಿಂದ ಹೊಸದಾಗಿ ಬಂದವನು. ಇವರು ಬರುವುದನ್ನು ಕಂಡು ಎದುರಿಗೆ ಓಡಿ, ಕಿವಿಯ ಮೇಲಿನದ್ದನ್ನು ತೆಗೆಯಲು ಸನ್ನೆ ಮಾಡಿದ್ದಾನೆ. ಇವರು ತೆಗೆದರು. “ಮದ್ದಿನ ಸುರಂಗ ಹಾರ್ತದ ಕಾಕಾ, ಇಲ್ಲೇ ಕಲ್ಲಿನ ಗುಂಪಿಯ ಹಿಂದ ಕುಂದ್ರಿ” ಅಂದ. ಇವರು ಎಂದಿನಂತೆ ತಲೆಯಾಡಿಸಿದರು. ತಂತಿ ತೆಗೆದ ಮೇಲೆ ಮನುಷ್ಯನಿಗೆ ಕೇಳಿಸಿತು, ತಲೆಯನ್ನೂ ಆಡಿಸಿದ, ಇನ್ನೇನು ಬೇಕು? ಅವನು ಹೋಗಿ ಬತ್ತಿ ಹಚ್ಚಿದ. ಇವರು ಮತ್ತೆ ಕಿವಿಗೆ ಹಾಕಿಕೊಂಡು ಮುಂದೆ ನಡೆದರು.

ಕಲ್ಲು ಅವರ ಮುಂದೆ ಬಿತ್ತು. ಒಂದು ಹೆಜ್ಜೆ ಬೇಗ ಇಟ್ಟಿದ್ದರೆ ನಾನು ಈ ಕಾಗದ ಬೇರೆ ರೀತಿ ಬರೆಯುತ್ತಿದ್ದೆ. ಮನೆಗೆ ಬಂದಾಗ ಧೋತರದ ತುಂಬ ಬಿಳಿ ಪುಡಿ. ನಡೆದದ್ದನ್ನು ಹೇಳಿದವನು ಹಾಜಿಮಲಂಗ್. ಹಿಂದಿನಿಂದಲೇ ಬಂದು ಹೊಸ್ತಿಲ ಹೊರಗೆ ನಿಂತು, “ಕಾಕು, ನಾ ಕಾಕಾಗ ಹೇಳಿದ್ದೆ. ಅಲ್ಲಾನ ಆಣಿ, ಅವರು ಹೂಂ ಅಂದ್ರು” ಎಂದು ಅದನ್ನೇ ಮತ್ತೆ ಮತ್ತೆ ಹೇಳಿದ. ಅವರಿಗೆ ಕಿವಿ ಕೇಳುವುದಿಲ್ಲಪ್ಪಾ ಎಂದು ಹೇಳಲು ಬಾಯಿಗೆ ಬಂದಿತ್ತು. ನಿಮ್ಮಪ್ಪ ಒಳಗಿನಿಂದ ನನ್ನ ಮುಖವನ್ನೇ ನೋಡುತ್ತಿದ್ದರು. ನೀರು ಕೊಟ್ಟು ಕಳಿಸಿದೆ.

ಅವನು ಹೋದ ಮೇಲೆ ಆ ದಾರಿ ಬಿಡಿರೆಂದು ಕೈಮುಗಿದು ಕೂಗಿದೆ. “ಅದು ನನ್ನ ಗಣಿ. ನಂಗ ದಾರಿ ತೋರಸಾಕತ್ತೀ ಏನು?” ಅಂದು ಗೋಡೆ ಕಡೆ ತಿರುಗಿ ಮಲಗಿದರು.

ನಿನ್ನೆ ಭಾನುವಾರ, ಗಣಿಗೆ ಸೂಟಿ. ಪಕ್ಕದ ಮನೆಯ ಆಶಾಬಿಯ ಹತ್ತಿರ ಹೋಗಿ ಅತ್ತೆ. ಅವಳ ಗಂಡ ಗುಲಾಮ್ ರಸೂಲ್ ಸೌದಿಯಲ್ಲಿ ಗೋಡೆ ಕಟ್ಟುವ ಗೌಂಡಿ ಕೆಲಸಕ್ಕಿದ್ದಾನೆ, ನಿನಗೆ ಗೊತ್ತು. ಇಬ್ಬರೂ ಕಾಗದ ಬರೆಯುವವರಲ್ಲ. ಟೇಪ್‌ರೆಕಾರ್ಡರಿನಲ್ಲಿ ಮಾತಾಡಿ ಕ್ಯಾಸೆಟ್ಟನ್ನೇ ಕಳಿಸಿಕೊಳ್ಳುತ್ತಾರೆ. ಅವಳು ನನ್ನ ಕಣ್ಣೊರೆಸುವುದು ಬಿಟ್ಟು, “ಅಕ್ಕಾ, ನಿಂಗ ಅಕಲ್ ಅದನೋ ಇಲ್ಲೋ? ಭಜನಿ ಹೋಗೋ ದಾರ್ಯಾಗ ನಿನ್ನ ಮಾತು ಹೋಗಂಗಿಲ್ಲೇನು?” ಅಂದಳು. ನನಗೆ ಕೂಡಲೇ ತಿಳಿಯಲಿಲ್ಲ. ಅವಳು ಪೆಟ್ಟಿಗೆಯಿಂದ ಒಂದು ಕ್ಯಾಸೆಟ್ ತೆಗೆದು ಹಾಕಿ, ಕೆಂಪು ಗುಂಡಿ ಒತ್ತಿ ನನ್ನ ಮುಂದಿಟ್ಟಳು. “ಮಾತಾಡು. ಗಂಡಸರಿಗಿ ಹಿಂಗೇ ಬೈಬೇಕು, ತಿರುಗಿ ಮಾತಾಡಾಕ ಬರಂಗಿಲ್ಲ. ನಮ್ಮವರು ಹತ್ತು ಸಲ ಕೇಳ್ತಾರಂತ” ಅಂದಳು.

ಮಾತಾಡಿದೆ. ಗಣಿ ದಾರಿಗೆ ಹೋಗಬ್ಯಾಡ್ರಿ, ಸ್ಟೇಷನ್ ಕಡೆ ತಿರುಗ್ರಿ, ಮುಂಜಾನೆ ಸುರಂಗ ಹಾರಸಾಕತ್ತಾರ ಎಂದು ಹೇಳಿದೆ. ಅಷ್ಟೇ ಹೇಳಿದೆ. ಇವತ್ತು ಬೆಳಗ್ಗೆ ಅವರು ಮುಖ ತೊಳೆಯುವಾಗ ಭಜನೆ ತೆಗೆದು ಅದನ್ನು ವಾಕ್‌ಮನ್ನಿಗೆ ಹಾಕಿಟ್ಟೆ. ಅವರು ನೋಡಲಿಲ್ಲ. ಓಣಿ ದಾಟಿದ ಮೇಲೆ ಗುಂಡಿ ಒತ್ತುವುದು ಅವರ ರೂಢಿ. ಬಾಗಿಲಲ್ಲಿ ನಿಂತು ನೋಡಿದೆ. ಮೂಲೆಯಲ್ಲಿ ಒತ್ತಿದರು, ಗಕ್ಕನೆ ನಿಂತರು. ತಿರುಗಿ ಮನೆಯ ಕಡೆ ನೋಡಿದರು. ನಾನು ಬಾಗಿಲ ಹಿಂದೆ ಸರಿದೆ. ಮತ್ತೆ ಇಣುಕಿದಾಗ ಅವರು ಅಲ್ಲಿರಲಿಲ್ಲ. ಯಾವ ಕಡೆ ತಿರುಗಿದರೋ ಕಾಣಲಿಲ್ಲ.

ಸೂಗಪ್ಪನ ಅಂಗಡಿಯವರೆಗೆ ಹೋಗಿ ಬಂದೆ. ಕಾಕಾ ಇವತ್ತು ಈ ಕಡೆ ಬಂದೇ ಇಲ್ಲ ಅಂದ. ಸ್ಟೇಷನ್ ಕಡೆ ಹೋಗುವುದಾದರೆ ಅವನ ಅಂಗಡಿಯ ಮುಂದೆಯೇ ಹೋಗಬೇಕು. ಅಂದರೆ ಆ ಕಡೆ ಹೋಗಿಲ್ಲ. ನನ್ನ ಮಾತು ಪೂರ್ತಿ ಕೇಳದೆ ತೆಗೆದರೋ, ಇಲ್ಲ ಸಿಟ್ಟಿನಲ್ಲಿ ಬೇಕೆಂದೇ ಗಣಿಗೆ ನಡೆದರೋ. ಭಜನೆಯನ್ನೇ ಹಾಕಿ ಕಳಿಸಿದ್ದರೆ ಸಮಾಧಾನದಿಂದಲಾದರೂ ಹೋಗುತ್ತಿದ್ದರು. ನಾನೇ ತಲೆ ಕೆಡಿಸಿ ಕಳಿಸಿದೆನೇನೋ.

ಈಗ ಸುರಂಗ ಹಾರಿತು. ಮಾಳಿಗೆಯ ಕಲ್ಲು ಅದುರಿತು, ಪಾತ್ರೆ ಸಪ್ಪಳವಾಯಿತು. ಎಷ್ಟು ಸಾವಿರ ಸಲ ಕೇಳಿದ ಸಪ್ಪಳವೋ, ಇವತ್ತು ಎದ್ದು ಬಾಗಿಲಿಗೆ ಹೋಗಿ ಬಂದೆ. ಅಕ್ಷರ ಸೊಟ್ಟಗಾಗಿದ್ದರೆ ಬೇಜಾರು ಮಾಡಿಕೊಳ್ಳಬೇಡ. ಆಶಾಬಿಯನ್ನು ಕರೆದುಕೊಂಡು ಗಣಿಯ ಕಡೆ ಹೋಗುತ್ತೇನೆ.

ಇಂತಿ ನಿನ್ನ ಅವ್ವ,
ಗುರುಲಿಂಗಮ್ಮ

ತಾ.ಕ. — ಬಂದರು. ನಾನು ಚಪ್ಪಲಿ ಮೆಟ್ಟುವಷ್ಟರಲ್ಲಿ ಓಣಿಯಲ್ಲಿ ಕಂಡರು, ಜೊತೆಗೆ ಹಾಜಿಮಲಂಗ್. ನಿಮ್ಮಪ್ಪ ಹೋಗಿದ್ದು ಗಣಿಗೇ. ಸೀದಾ ಅವನ ಗುಡಿಸಲಿಗೆ ಹೋಗಿ, ತಂತಿ ಕೊರಳಿಗೆ ಇಳಿಸಿ, “ನನಗ ಕಿವಿ ಕೇಳಂಗಿಲ್ಲಪಾ. ನಾ ಹೂಂ ಅಂದ್ರ ನಂಬಬ್ಯಾಡ, ಕೈ ಹಿಡದು ಕುಂದ್ರಸು” ಅಂದರಂತೆ. ಅವನು ಹಾಗೆಯೇ ಕೈ ಹಿಡಿದು ಕೂರಿಸಿ, ಆಮೇಲೆ ಬತ್ತಿ ಹಚ್ಚಿದ್ದಾನೆ. “ಕಾಕಾ ದಿನಾ ದಾರಿ ಕಾಯಾಕ ಬರ್ತಾರಂತ, ನಾಳಿಂದ ಅವರನ್ನ ಕುಂದ್ರಸಿದ ಮ್ಯಾಲೇ ಹಚ್ಚತೀನಿ ಕಾಕು” ಎಂದು ಹೇಳಿಹೋದ. ಅಂದರೆ ನಾಳೆಯೂ ಅಲ್ಲಿಗೇ ಹೋಗುವವರು. ನಾನು ನಾಳೆಯೂ ಬಾಗಿಲು ನೋಡುತ್ತ ಕೂರುವುದೇ.

ಮೇಲೆ ಅಷ್ಟೇ ಹೇಳಿದೆ ಎಂದು ಬರೆದೆ. ಅದು ನಿಜವಲ್ಲ. ಎಚ್ಚರಿಕೆಯ ಮಾತು ಬೇಗ ಮುಗಿದುಹೋಯಿತು, ಕ್ಯಾಸೆಟ್ ತಿರುಗುತ್ತಲೇ ಇತ್ತು. ಕೂಗಿ ಹೇಳಬಹುದಾದದ್ದು ಊಟಕ್ಕೆ ಬನ್ನಿ, ಯಾರೋ ಬಂದಿದ್ದಾರೆ, ಇಂಥದ್ದೇ. ಮೆಲ್ಲಗೆ ಹೇಳುವ ಮಾತನ್ನು ಕೂಗಿ ಹೇಳಲಾಗುವುದಿಲ್ಲ, ಅದಕ್ಕೆ ನಾನು ಹೇಳುವುದನ್ನೇ ಬಿಟ್ಟಿದ್ದೆ. ಅವನ್ನೆಲ್ಲ ಹೇಳಿದೆ. ಏನೆಂದು ನಿನಗೆ ಬರೆಯುವುದಿಲ್ಲ. ಒಂದು ಬರೆಯುತ್ತೇನೆ: ನಿಮಗೆ ಕಿವಿಯಿಲ್ಲದ್ದು ನನಗೆ ನಾಚಿಕೆಯಲ್ಲ, ನೀವಿಲ್ಲದ ಮನೆ ನನಗೆ ಬೇಡ ಎಂದೆ.

ಹಾಜಿಮಲಂಗ್ ಹೋದ ಮೇಲೆ ನಿಮ್ಮಪ್ಪ ನನ್ನನ್ನೇ ನೋಡಿ, “ನಿನ್ನ ದನಿ ಯಾವಾಗ ಹಿಂಗ ಒಡೀತು?” ಅಂದರು. ನಿಮಗೆ ಕೂಗಿ ಕೂಗಿಯೇ ಒಡೆಯಿತು ಎಂದೆ. ಅವರಿಗೆ ಕೇಳಲಿಲ್ಲ, ನನ್ನ ತುಟಿ ಆಡಿದ್ದಷ್ಟೇ ಕಂಡಿತು. ಕ್ಯಾಸೆಟ್ ತೆಗೆದು ನನ್ನ ಕೈಗಿಟ್ಟು, “ಈಗ ಅಂದಿದ್ದು ಇದರಾಗ ಹಾಕು” ಅಂದು ಜಗಲಿಗೆ ಹೋಗಿ ಕಾಯುತ್ತ ಕುಳಿತಿದ್ದಾರೆ.

ಈ ಕಾಗದ ರೈಲ್ವೆಯ ಸಂಗಣ್ಣ ಸಂಜೆಯ ಪ್ಯಾಸೆಂಜರಿಗೆ ತರುತ್ತಾನೆ. ನನಗೆ ನಾಲ್ಕು ಸಾಲು ಬರೆ ಸಾಕು, ಅಪ್ಪನಿಗೆ ಕ್ಯಾಸೆಟ್ಟಿನಲ್ಲಿ ಮಾತಾಡು. ಮೊಮ್ಮಗಳು ಅಳಲಿ, ನಗಲಿ, ಅದೂ ಬರಲಿ. ಎರಡನ್ನೂ ಸಂಗಣ್ಣನ ಕೈಗೇ ಕೊಡು. ಅವನ ಗಾಡಿ ಬರುವ ಹೊತ್ತಿಗೆ ಸ್ಟೇಷನ್ನಿಗೆ ಹೋಗಿ ಇಸಿದುಕೊಂಡು ಬಾರವ್ವಾ ಎಂದು ಆಶಾಬಿಗೆ ಹೇಳಿಟ್ಟಿದ್ದೇನೆ.