ದೇಮವ್ವನ ತಾಯಿಯ ಹಲ್ಲು

ಗಜೇಂದ್ರಗಡ,
ಫೆಬ್ರುವರಿ ೩೦, ೨೩೪೧

ಮುನ್ನೂರು ವರ್ಷಗಳ ಹಿಂದೆ ಗುಹೆಗಳಲ್ಲಿ ಮೂಳೆ ಅಗೆಯುತ್ತಿರುವ ಹಿರಿಯರಿಗೆ,

ಹಲ್ಲು ಕದ್ದವಳು ನಾನು. ಏಳು ತಿಂಗಳಿಂದ ಇದನ್ನು ಮುಚ್ಚಿಟ್ಟಿದ್ದೇನೆ. ತಾರೀಕು ನೋಡಿ ಗಾಬರಿಯಾಗಬೇಡಿ, ನಮ್ಮ ಕಾಲದಲ್ಲಿ ಎಲ್ಲ ತಿಂಗಳಿಗೂ ಮೂವತ್ತು ದಿನ. ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ಎಂಟನೆಯ ತರಗತಿಗೆ ಶಾಲೆ ಬಿಟ್ಟವಳು ನಾನು. ಆಮೇಲೆ ಐದು ಕೆಲಸಗಳನ್ನೂ ಬಿಟ್ಟೆ.

ಈಗ ಮರುಹುಟ್ಟಿನ ಮನೆಯಲ್ಲಿ ಅಡುಗೆ ಮಾಡುತ್ತೇನೆ. ಅಳಿದುಹೋದ ಮನುಷ್ಯಕುಲಗಳನ್ನು ಮೂಳೆಯ ಚೂರಿನಿಂದ ಮತ್ತೆ ಹುಟ್ಟಿಸುವ ಜಾಗ ಇದು. ನಿಮ್ಮ ಕಾಲದವರು ಗುಹೆಯೊಂದರಲ್ಲಿ ತೆಗೆದ ನಿಯಾಂಡರ್ತಲ್ ಹೆಂಗಸಿನ ದವಡೆಹಲ್ಲಿನಿಂದ ಹುಟ್ಟಿದವಳು ದೇಮವ್ವ. ಆ ಕುಲದಲ್ಲಿ ಈಗಿರುವವಳು ಅವಳೊಬ್ಬಳೇ. ವಯಸ್ಸು ನಲವತ್ತು, ಹುಬ್ಬು ದಪ್ಪ, ಮಾತು ಅಪ್ಪಟ ನಮ್ಮೂರಿನದು. ಅವಳು ಬಡಿದ ಜೋಳದ ರೊಟ್ಟಿಯ ಅಂಚು ಎಂದೂ ಒಡೆಯುವುದಿಲ್ಲ. ಹಿಮಯುಗದವಳೆಂದು ಇಲ್ಲಿನ ಪಂಡಿತರು ಅವಳ ಕೋಣೆಯನ್ನು ಹುಟ್ಟಿದಾಗಿನಿಂದ ಕೊರೆಯುವಷ್ಟು ತಣ್ಣಗಿಟ್ಟಿದ್ದರು. ನಡುಗಿದರೆ ಅದೂ ಕುಲದ ಲಕ್ಷಣವೆಂದು ಬರೆದುಕೊಂಡರು. ನಾನು ಕೆಲಸಕ್ಕೆ ಸೇರಿದ ವಾರದಲ್ಲೇ, ಅವಳು ಒಲೆ ಬಿಟ್ಟು ಏಳದ್ದನ್ನು ಕಂಡು, ಚಳಿಯೇ ಎಂದು ಕೇಳಿದೆ. ಹೌದು ಎಂದಳು. ಎಲ್ಲರ ಮನೆಯೂ ಹಾಗೇ ಇರುತ್ತದೆ ಎಂದುಕೊಂಡಿದ್ದಳಂತೆ. ಹೇಳಿ ನಕ್ಕಳು, ಸಿಟ್ಟಿರಲಿಲ್ಲ. ಅಂಥ ಮನಸ್ಸನ್ನು ನಮ್ಮ ಕುಲದಲ್ಲಿ ನಾನು ಕಂಡಿಲ್ಲ. ಆರನೆಯ ಕೆಲಸ ಬಿಡದೆ ಉಳಿದದ್ದು ಅವಳಿಗಾಗಿ.

ಕಳೆದ ವರ್ಷ, ಅದೇ ಹಲ್ಲಿನಿಂದ ಅವಳಿಗೊಬ್ಬಳು ಜೊತೆಗಾತಿಯನ್ನು ಹುಟ್ಟಿಸುವುದೆಂದು ಈ ಮನೆ ನಡೆಸುವ ಮಂಡಳಿ ತೀರ್ಮಾನಿಸಿತು. ದೇಮವ್ವ ಬೇಡವೆಂದಳು. ಸಂಕೋಚದಿಂದ ಹಾಗೆನ್ನುತ್ತಾಳೆ ಎಂದು ಅದನ್ನೂ ಬರೆದುಕೊಂಡರು. ಆ ಸಂಜೆ ಹಿಟ್ಟು ನಾದುತ್ತ ನನಗೆ ಹೇಳಿದಳು:

"ನನಗ ಜೋಡಿ ಬೇಕು ಖರೆ, ಸಾವಂತ್ರಿ. ಅದಕ್ಕಂತ ಇನ್ನೊಂದು ಕೂಸು ಇಲ್ಲಿ ದಿನಾ ಪಂಡಿತರಿಗೆ ಅಳತಿ ಕೊಡಕೋತ ಬೆಳೀಬೇಕೇನು? ಆ ಹಲ್ಲು ನಮ್ಮವ್ವಂದು. ಮಣ್ಣಿಗೆ ಕೊಡವಾ."

ಕಾವಲಿನ ಫಕೀರಪ್ಪಜ್ಜ ಊಟಕ್ಕೆ ಕೂತಿದ್ದಾಗ ಅವರ ಕೀಲಿ ತೆಗೆದುಕೊಂಡು ಪೆಟ್ಟಿಗೆಯಿಂದ ಹಲ್ಲು ಕದ್ದೆ. ಗುಡ್ಡದ ಮೇಲೆ ಇಬ್ಬರೂ ಸೇರಿ ಅದನ್ನು ಹೂಳಿದೆವು. ಮಣ್ಣಿನ ಮೇಲೆ ದೇಮವ್ವ ಬಿಸಿ ರೊಟ್ಟಿಯೊಂದನ್ನು ಇಟ್ಟಳು. ಅದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ.

ಕಳವಿನ ಆರೋಪ ಅಜ್ಜನ ಮೇಲೆ ಬಂತು, ಕೆಲಸ ಹೋಯಿತು. ಬಾಯಿಬಿಟ್ಟರೆ ಹೂಳಿದ ಜಾಗ ಕೇಳುತ್ತಾರೆಂದು ನಾನು ಸುಮ್ಮನಿದ್ದೆ. ನಾನು ದೇಮವ್ವನಿಂದಲೂ ಮುಚ್ಚಿಟ್ಟಿದ್ದ ಅಜ್ಜನ ಸುದ್ದಿ ಅವಳ ಕಿವಿಗೆ ಬಿದ್ದದ್ದು ನಿನ್ನೆ. ಮಾಡದ ತಪ್ಪನ್ನು ಮುದುಕ ಹೊರಬಾರದು, ಹೋಗಿ ಹೇಳು, ನನ್ನ ಹೆಸರನ್ನೂ ಹೇಳು ಎಂದಳು.

ನೀವು ಅಗೆಯಬೇಡಿ ಎಂದು ನಾನು ಹೇಳಲಾರೆ. ನೀವು ಅಗೆಯದಿದ್ದರೆ ನನಗೆ ದೇಮವ್ವ ಸಿಗುತ್ತಿರಲಿಲ್ಲ. ಆದರೆ ಪೆಟ್ಟಿಗೆಗೆ ಚೀಟಿ ಅಂಟಿಸುವಾಗ ಇದು ಒಬ್ಬ ತಾಯಿಯ ಹಲ್ಲು ಎಂದೂ ಬರೆಯಿರಿ. ನಮ್ಮವರು ಓದಲಿ.

ಮಂಡಳಿ ಹುಬ್ಬಳ್ಳಿಯಲ್ಲಿ ಕೂರುತ್ತದೆ. ಕದ್ದವರು ಯಾರೆಂದು ಹೇಳುತ್ತೇನೆ, ಎಲ್ಲಿ ಹೂಳಿದೆವೆಂದು ಹೇಳುವುದಿಲ್ಲ. ಬಿಸಿಲಿನಿಂದ ಓಡುವ ಬಸ್ಸಿಗೆ ನಾವು ಬಿಸಿಲುಗಾಡಿ ಎನ್ನುತ್ತೇವೆ. ನಾಳೆ ಬೆಳಿಗ್ಗೆ ಎಂಟರ ಬಿಸಿಲುಗಾಡಿಗೆ ಹೊರಡುತ್ತೇನೆ.

ಸಾವಂತ್ರಿ