ಕೂತು ಉಂಡ ಮುದ್ದೆ

ಅಮ್ಮಾ,

ಇವತ್ತು ಎದ್ದು ಕೂತು ಮುದ್ದೆ ಉಂಡೆ.

ಬೈರಕೂರಿನ ತೋಪಿನಲ್ಲಿ ಮಾವಿನ ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾದ ಮೇಲೆ, ಕೂರಿಸಿದರೆ ಸಾಕು, ಬಿ.ಪಿ. ಇಳಿದು ನನಗೆ ಕಣ್ಣು ಕತ್ತಲಾಗುತ್ತಿತ್ತಲ್ಲ? ನೀನು ತೀರಿಹೋದ ಮೇಲೆ ಡಾಕ್ಟರು ಬೆನ್ನೊಳಗೆ ಪುಟ್ಟ ಯಂತ್ರ ಇಟ್ಟರು. ಅದು ಬೆನ್ನುಹುರಿಗೆ ಸಣ್ಣಗೆ ಕರೆಂಟು ಕೊಟ್ಟು ಬಿ.ಪಿ. ಇಳಿಯದಂತೆ ಹಿಡಿಯುತ್ತದೆ. ಕರೆಂಟು ಅಂದಿದ್ದರೆ ನೀನು ಡಾಕ್ಟರನ್ನೇ ಓಡಿಸುತ್ತಿದ್ದೆ.

ಸುನಂದಕ್ಕ ತುತ್ತಿಟ್ಟು ನನ್ನ ಮುಖವನ್ನೇ ನೋಡಿದಳು. "ಕಣ್ಣು ಮಂಜಾಯ್ತೇನೋ?"

"ಇಲ್ಲಕ್ಕಾ, ಸಾರಿಗೆ ಉಪ್ಪು ಕಮ್ಮಿ."

ಅವಳು ನಗುತ್ತಲೇ ಅತ್ತಳು.

ಮಲಗಿದವನ ಗಂಟಲಲ್ಲಿ ಮುದ್ದೆ ಇಳಿಯದೆಂದು ನೀನು ನನಗೆ ಗಂಜಿ ಕುಡಿಸುತ್ತಿದ್ದೆ. "ನಂಗೂ ಮುದ್ದೆ ಸೇರಲ್ಲ ನಾಯ್ನಾ" ಎನ್ನುತ್ತಾ ಕೊನೆಯವರೆಗೂ ನೀನೂ ಗಂಜಿಯನ್ನೇ ಕುಡಿದೆ.

ನಿನಗೆ ಮುದ್ದೆ ಸೇರುತ್ತಿತ್ತು, ಅಲ್ಲವಾ ಅಮ್ಮಾ?

ನಾಳೆ ಎರಡು ಮುದ್ದೆ ಕಟ್ಟಲು ಅಕ್ಕನಿಗೆ ಹೇಳಿದ್ದೇನೆ, ಒಂದು ನಿನ್ನ ಎಡೆಗೆ.